ವೊಯ್ವೊದಿನಾ: ಸರ್ಬರು ಕೇಳಿ ಪಡೆದ ಸ್ವಾಯತ್ತತೆ ಇವತ್ತು ಯಾರ ಕೈಯಲ್ಲಿದೆ?

ಸರ್ಬ್ ಸ್ವಾಯತ್ತ ಪ್ರದೇಶ ಎಂದ ಕೂಡಲೇ ಹಲವರಿಗೆ 1990ರ ದಶಕದ ಯುದ್ಧ ನೆನಪಾಗುತ್ತದೆ. ಯುಗೊಸ್ಲಾವಿಯಾ ಒಡೆದಾಗ ಕ್ರೊಯೇಷಿಯಾ ಮತ್ತು ಬೋಸ್ನಿಯಾಗಳಲ್ಲಿ ಸರ್ಬರು ಘೋಷಿಸಿಕೊಂಡ ಪ್ರದೇಶಗಳು ಕಣ್ಣ ಮುಂದೆ ಬರುತ್ತವೆ. ಆದರೆ ಸರ್ಬರ ಸ್ವಾಯತ್ತತೆಯ ಕತೆ ಅದಕ್ಕಿಂತ ತುಂಬ ಹಳೆಯದು. ಅದು ಶುರುವಾದದ್ದು ಈಗಿನ ಸರ್ಬಿಯಾದ ಉತ್ತರ ಭಾಗದಲ್ಲಿ. ಆ ಪ್ರಾಂತ್ಯದ ಹೆಸರು ವೊಯ್ವೊದಿನಾ.

ಡ್ಯಾನ್ಯೂಬ್, ತಿಸಾ, ಸಾವಾ ನದಿಗಳು ಹರಿಯುವ ಬಯಲು ಸೀಮೆ ಇದು. ಬಹುಪಾಲು ಸಮತಟ್ಟಾದ ನೆಲ, ಕಪ್ಪು ಮಣ್ಣು, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಗೋಧಿ, ಸೂರ್ಯಕಾಂತಿ. ಡ್ಯಾನ್ಯೂಬ್ ಮತ್ತು ತಿಸಾ ನಡುವಿನ ಭಾಗ ಬಾಚ್ಕಾ, ತಿಸಾದಿಂದ ಪೂರ್ವಕ್ಕೆ ಬನಾತ್, ಡ್ಯಾನ್ಯೂಬ್ ಮತ್ತು ಸಾವಾ ನಡುವಿನದು ಸ್ರೆಮ್. ಒಟ್ಟು ವಿಸ್ತೀರ್ಣ ಸುಮಾರು 21,500 ಚದರ ಕಿಲೋಮೀಟರ್. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ 17.4 ಲಕ್ಷ. ದೊಡ್ಡ ಊರು ನೋವಿ ಸಾದ್.

ಈ ಪ್ರಾಂತ್ಯಕ್ಕೆ ತನ್ನದೇ ವಿಧಾನಸಭೆ ಇದೆ, ಸರ್ಕಾರ ಇದೆ, ಆರು ಅಧಿಕೃತ ಭಾಷೆಗಳಿವೆ. ಹಾಗಂತ ಇದನ್ನು ಭಾರತದ ಒಂದು ರಾಜ್ಯದ ಹಾಗೆ ಅಂದುಕೊಂಡರೆ ತಪ್ಪಾಗುತ್ತದೆ. ಪೊಲೀಸರು ಇದರ ಕೈಯಲ್ಲಿಲ್ಲ. ನ್ಯಾಯಾಲಯಗಳು ಇದರದಲ್ಲ. ಇದರ ಸಭೆ ಕಾನೂನನ್ನೂ ಮಾಡುವಂತಿಲ್ಲ. ಹಾಗಾದರೆ ಸ್ವಾಯತ್ತತೆ ಎಂದು ಕರೆಯೋದು ಯಾವುದನ್ನು? ಇದನ್ನು ತಿಳಿಯೋಕೆ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ಚರಿತ್ರೆಗೆ ಹೋಗಬೇಕು. ಈ ಅಧಿಕಾರವನ್ನು ಯಾರು ಕೊಟ್ಟರು? ಬೇಡ ಅನ್ನಿಸಿದಾಗ ಯಾರು ವಾಪಸ್ ತೆಗೆದುಕೊಳ್ಳಬಹುದು?

ವಲಸೆ ಬಂದವರಿಗೆ ಸಿಕ್ಕ ಮಾತು

1690ರಲ್ಲಿ ತುರ್ಕರ ಮತ್ತು ಆಸ್ಟ್ರಿಯಾದ ನಡುವೆ ಯುದ್ಧ ನಡೆಯುತ್ತಿತ್ತು. ಆಸ್ಟ್ರಿಯಾದ ಪರ ನಿಂತಿದ್ದ ಸರ್ಬರಿಗೆ ತುರ್ಕರ ಸೇಡಿನ ಭಯ ಹುಟ್ಟಿತು. ಧರ್ಮಗುರು ಮೂರನೇ ಆರ್ಸೆನಿಯೆ ಚಾರ್ನೊಯೆವಿಚ್ ಮುಂದಾಳತ್ವದಲ್ಲಿ ಸಾವಿರಾರು ಕುಟುಂಬಗಳು ದಕ್ಷಿಣದಿಂದ ಹೊರಟು ಸಾವಾ, ಡ್ಯಾನ್ಯೂಬ್ ದಾಟಿ ಆಸ್ಟ್ರಿಯಾವನ್ನು ಆಳುತ್ತಿದ್ದ ಹಾಬ್ಸ್‌ಬರ್ಗ್ ದೊರೆಯ ನೆಲಕ್ಕೆ ಬಂದವು. ಚಕ್ರವರ್ತಿ ಮೊದಲನೇ ಲಿಯೋಪೋಲ್ಡ್ ಅವರಿಗೆ ಬರಹದಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟ. ನಿಮ್ಮ ಆರ್ಥೊಡಾಕ್ಸ್ ಧರ್ಮ ನಿಮಗಿರಲಿ, ನಿಮ್ಮ ಧರ್ಮಗುರುವನ್ನು ನೀವೇ ಆರಿಸಿಕೊಳ್ಳಿ, ನಿಮ್ಮ ಹಳೆಯ ಪಂಚಾಂಗವನ್ನೇ ಅನುಸರಿಸಿ ಎಂಬುದು ಅದರ ಸಾರ. ಅದಕ್ಕೆ ಪ್ರತಿಯಾಗಿ ಸರ್ಬರು ಗಡಿ ಕಾಯಬೇಕು, ಸೈನ್ಯದಲ್ಲಿ ದುಡಿಯಬೇಕು.

ಗಮನಿಸಿ, ಇಲ್ಲಿ ಸಿಕ್ಕಿದ್ದು ನೆಲದ ಮೇಲಿನ ಆಡಳಿತವಲ್ಲ. ಚರ್ಚು ಮತ್ತು ಜನರ ಮೇಲಿನ ಸ್ವಾತಂತ್ರ್ಯ ಅಷ್ಟೆ. ಮುಂದಿನ ನೂರೈವತ್ತು ವರ್ಷ ಸರ್ಬರ ಪಾಲಿಗೆ ಚರ್ಚೇ ಒಂದು ಸಣ್ಣ ಸರ್ಕಾರ ಇದ್ದ ಹಾಗಿತ್ತು. ನೋವಿ ಸಾದ್ ಪಕ್ಕದ ಸ್ರೆಮ್ಸ್ಕಿ ಕಾರ್ಲೋವ್ತ್ಸಿ ಎಂಬ ಊರು ಅದರ ಕೇಂದ್ರ. 1699ರಲ್ಲಿ ತುರ್ಕರೂ ಆಸ್ಟ್ರಿಯಾದವರೂ ಕೂತು ಶಾಂತಿ ಒಪ್ಪಂದ ಮಾಡಿಕೊಂಡದ್ದೂ ಇದೇ ಊರಿನಲ್ಲಿ.

ಯುದ್ಧಗಳಿಂದ ಖಾಲಿಯಾಗಿದ್ದ ಆ ಬಯಲಿಗೆ ಹಾಬ್ಸ್‌ಬರ್ಗ್ ದೊರೆಗಳು ಬರೀ ಸರ್ಬರನ್ನಲ್ಲ, ಇನ್ನೂ ಹಲವರನ್ನು ಕರೆತಂದು ನೆಲೆಗೊಳಿಸಿದರು. ಜರ್ಮನ್ ರೈತರು, ಹಂಗೇರಿಯನ್ನರು, ಸ್ಲೊವಾಕರು, ರುಸಿನರು (ಉಕ್ರೇನಿಯನ್ನರಿಗೆ ಹತ್ತಿರದ ಒಂದು ಸಣ್ಣ ಸ್ಲಾವ್ ಜನ), ರೊಮೇನಿಯನ್ನರು ಬಂದರು. ಈಗ ಅಲ್ಲಿ ಕಾಣುವ ಭಾಷೆಗಳ ವೈವಿಧ್ಯ ಸುಮ್ನೆ ಹುಟ್ಟಿದ್ದಲ್ಲ. ಅದು ಖಜಾನೆ ಮತ್ತು ಸೈನ್ಯದ ಲೆಕ್ಕಾಚಾರದಿಂದ ಬಂದದ್ದು. 1748ರಲ್ಲಿ ಮಹಾರಾಣಿ ಮರಿಯಾ ತೆರೇಸಾ ನೋವಿ ಸಾದ್‌ಗೆ ಸ್ವತಂತ್ರ ರಾಜನಗರದ ಪಟ್ಟ ಕೊಟ್ಟಳು. ಸರ್ಬ್ ವ್ಯಾಪಾರಿಗಳ ಕೈಯಲ್ಲಿ ಬೆಳೆದ ಆ ಊರು ಮುಂದೆ ಸರ್ಬರ ವಿದ್ಯೆಯ ಕೇಂದ್ರವಾಯಿತು. ಸರ್ಬರ ಹಳೆಯ ಸಾಹಿತ್ಯ ಸಂಸ್ಥೆ ಮಾತಿತ್ಸಾ ಸ್ರ್ಪ್ಸ್ಕಾ 1826ರಲ್ಲಿ ಪೆಸ್ಟ್ ನಗರದಲ್ಲಿ ಹುಟ್ಟಿ 1864ರಲ್ಲಿ ಇಲ್ಲಿಗೇ ಬಂತು.

1848: ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು

1848 ಯುರೋಪಿನ ತುಂಬ ಕ್ರಾಂತಿಯ ವರ್ಷ. ಹಂಗೇರಿಯನ್ನರು ಚಕ್ರವರ್ತಿಯ ರಾಜಧಾನಿ ವಿಯೆನ್ನಾದ ವಿರುದ್ಧ ಎದ್ದರು. ಅವರಿಗೆ ತಮ್ಮದೇ ದೇಶ ಬೇಕಿತ್ತು. ಆದರೆ ಆ ದೇಶದೊಳಗಿನ ಸರ್ಬರನ್ನು ಒಂದು ಪ್ರತ್ಯೇಕ ಜನಾಂಗ ಎಂದು ಒಪ್ಪಲು ಅವರು ತಯಾರಿರಲಿಲ್ಲ. ಹಾಗಾಗಿ ಆ ಮೇ ತಿಂಗಳಲ್ಲಿ ಸರ್ಬರು ಸ್ರೆಮ್ಸ್ಕಿ ಕಾರ್ಲೋವ್ತ್ಸಿಯಲ್ಲಿ ದೊಡ್ಡ ಸಭೆ ಸೇರಿದರು. ಸ್ರೆಮ್, ಬಾಚ್ಕಾ, ಬನಾತ್, ಪಕ್ಕದ ಬರಾನ್ಯಾ ಸೇರಿ ಸರ್ಬರ ವೊಯ್ವೊದಿನಾ ಎಂದು ಘೋಷಿಸಿದರು. ಸ್ತೆವಾನ್ ಶುಪ್ಲಿಕಾತ್ಸ್ ಎಂಬ ಸೇನಾಧಿಕಾರಿಯನ್ನು ತಮ್ಮ ವೊಯ್ವೊದ, ಅಂದರೆ ನಾಯಕ ಎಂದು ಆರಿಸಿದರು. ಯೊಸಿಫ್ ರಾಯಾಚಿಚ್ ಪರಮ ಧರ್ಮಗುರುವಾದರು.

ಅದರ ಬೆಲೆ ಭಾರಿಯಾಗಿತ್ತು. ಶುಪ್ಲಿಕಾತ್ಸ್ ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. 1849ರ ಜೂನ್‌ನಲ್ಲಿ ಡ್ಯಾನ್ಯೂಬ್‌ನ ಆಚೆ ದಡದ ಪೆತ್ರೊವರಾದಿನ್ ಕೋಟೆಯಿಂದ ಹಂಗೇರಿಯ ಪಡೆ ನೋವಿ ಸಾದ್ ಮೇಲೆ ಫಿರಂಗಿ ಹಾರಿಸಿತು. ಊರಿನ ಮನೆಗಳಲ್ಲಿ ಹೆಚ್ಚಿನವು ಸುಟ್ಟು ಬಿದ್ದವು. ಇವತ್ತು ನೋವಿ ಸಾದ್‌ನ ಹಳೆಯ ಭಾಗದಲ್ಲಿ ಕಾಣುವ ಕಟ್ಟಡಗಳಲ್ಲಿ ಬಹಳಷ್ಟು ಆ ಬೆಂಕಿಯ ನಂತರ ಕಟ್ಟಿದವು.

ಸರ್ಬರು ವಿಯೆನ್ನಾದ ಪರ ಹೋರಾಡಿದ್ದರು. ಹಾಗಾಗಿ 1849ರ ನವೆಂಬರ್‌ನಲ್ಲಿ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಒಂದು ಹೊಸ ಪ್ರಾಂತ್ಯ ಮಾಡಿಕೊಟ್ಟ. ಹೆಸರಿನಲ್ಲಿ ಸರ್ಬಿಯಾ ಇತ್ತು, ವೊಯ್ವೊದನ ಪಟ್ಟವೂ ಇತ್ತು. ಆದರೆ ಆ ಪಟ್ಟವನ್ನು ಚಕ್ರವರ್ತಿಯೇ ಇಟ್ಟುಕೊಂಡ. ಆಡಳಿತ ಆಸ್ಟ್ರಿಯಾದ ಸೇನಾಧಿಕಾರಿಗಳ ಕೈಗೆ ಹೋಯಿತು. ಅದರ ಕೇಂದ್ರ ಈಗ ರೊಮೇನಿಯಾದಲ್ಲಿರುವ ತಿಮಿಶ್ವಾರಾ. ಬನಾತ್‌ನ ಪೂರ್ವ ಭಾಗವನ್ನೂ ಸೇರಿಸಿದ್ದರಿಂದ ಸರ್ಬರ ಹೆಸರಿನ ಪ್ರಾಂತ್ಯದಲ್ಲಿ ಸರ್ಬರೇ ಮೂರನೆಯವರಾದರು. ಮೊದಲು ರೊಮೇನಿಯನ್ನರು, ಆಮೇಲೆ ಜರ್ಮನ್ನರು, ಅವರ ನಂತರ ಸರ್ಬರು. 1860ರಲ್ಲಿ ವಿಯೆನ್ನಾ ಹಂಗೇರಿಯ ಜೊತೆ ರಾಜಿಗೆ ಹೊರಟಾಗ ಈ ಪ್ರಾಂತ್ಯವನ್ನೇ ರದ್ದು ಮಾಡಿತು. ವೊಯ್ವೊದ ಎಂಬ ಬಿರುದನ್ನು ಮಾತ್ರ ಚಕ್ರವರ್ತಿ 1918ರವರೆಗೂ ಬಿಡಲಿಲ್ಲ.

ನನಗೆ ಇಡೀ ಚರಿತ್ರೆಯ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ. ಒಂದು ಜನ ರಕ್ತ ಸುರಿಸಿ ಕೇಳಿದ್ದನ್ನು ರಾಜಧಾನಿ ತನ್ನ ಅನುಕೂಲಕ್ಕೆ ತಕ್ಕ ಹಾಗೆ ಕತ್ತರಿಸಿ ಕೊಟ್ಟಿತು. ಅನುಕೂಲ ಬದಲಾದ ದಿನ ವಾಪಸ್ ಪಡೆಯಿತು. ರಾಜಧಾನಿಯ ಹೆಸರು ಮುಂದೆ ಬದಲಾಗುತ್ತದೆ, ನಡೆ ಬದಲಾಗುವುದಿಲ್ಲ.

ಸರ್ಬಿಯಾಕ್ಕೆ ಸೇರಿದ ಮೇಲೆ

ಮೊದಲ ಮಹಾಯುದ್ಧ ಮುಗಿದು ಹಾಬ್ಸ್‌ಬರ್ಗ್ ಸಾಮ್ರಾಜ್ಯ ಕುಸಿಯಿತು. 1918ರ ನವೆಂಬರ್ 25ರಂದು ನೋವಿ ಸಾದ್‌ನಲ್ಲಿ ಮಹಾ ಜನಸಭೆ ನಡೆಯಿತು. ಅದರಲ್ಲಿ 757 ಪ್ರತಿನಿಧಿಗಳಿದ್ದರು. ಅವರಲ್ಲಿ 578 ಜನ ಸರ್ಬರು. ಬುನ್ಯೆವ್ತ್ಸಿ ಎಂಬ ಕ್ಯಾಥೊಲಿಕ್ ಸ್ಲಾವ್ ಸಮುದಾಯದ, ಸ್ಲೊವಾಕ್, ರುಸಿನ್ ಪ್ರತಿನಿಧಿಗಳೂ ಇದ್ದರು. ಆದರೆ ಲಕ್ಷಗಟ್ಟಲೆ ಇದ್ದ ಜರ್ಮನ್ ಮತ್ತು ಹಂಗೇರಿಯನ್ನರ ಪರವಾಗಿ ಬಂದವರು ಬೆರಳೆಣಿಕೆಯಷ್ಟು. ಏಳು ಮಂದಿ ಮಹಿಳೆಯರೂ ಇದ್ದರು, ಆ ಕಾಲಕ್ಕೆ ಅದು ದೊಡ್ಡ ವಿಷಯವೇ. ಬನಾತ್, ಬಾಚ್ಕಾ, ಬರಾನ್ಯಾಗಳು ಸರ್ಬಿಯಾಕ್ಕೆ ಸೇರಲಿ ಎಂದು ಸಭೆ ತೀರ್ಮಾನಿಸಿತು. ಸ್ರೆಮ್ ಹಿಂದಿನ ದಿನವೇ ರೂಮಾ ಎಂಬ ಊರಿನಲ್ಲಿ ಸಭೆ ಸೇರಿ ಇದನ್ನೇ ನಿರ್ಧರಿಸಿತ್ತು.

ಇಲ್ಲಿಗೆ ಸ್ವಾಯತ್ತತೆಯ ಅರ್ಥವೇ ತಿರುಗಿಬಿತ್ತು. ಅಲ್ಲಿಯವರೆಗೆ ಅದು ಪರರ ಸಾಮ್ರಾಜ್ಯದೊಳಗೆ ಸರ್ಬರು ಉಳಿಯುವ ದಾರಿ. ಈಗ ಸರ್ಬರ ಸ್ವಂತ ದೇಶವೇ ಬಂತು. ಇನ್ನು ಯಾಕೆ ಬೇಕು ಸ್ವಾಯತ್ತತೆ? ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಹಲವರು ಹೀಗೇ ಕೇಳಿದರು, ಇವತ್ತಿಗೂ ಕೇಳುತ್ತಾರೆ. ಆದರೆ ಮುಂದೆ ಯುಗೊಸ್ಲಾವಿಯಾ ಎನಿಸಿಕೊಂಡ ಹೊಸ ರಾಜ್ಯ ಎಲ್ಲವನ್ನೂ ರಾಜಧಾನಿಯಲ್ಲೇ ಇಟ್ಟುಕೊಂಡಿತು. ವೊಯ್ವೊದಿನಾದ ಫಲವತ್ತಾದ ಭೂಮಿಯ ಮೇಲೆ ತೆರಿಗೆ ಬೇರೆ ಕಡೆಗಿಂತ ಜಾಸ್ತಿ ಬಿತ್ತು. ಒಂದು ಕಾಲಕ್ಕೆ ಸರ್ಬಿಯಾಕ್ಕೆ ಸೇರೋಣ ಎಂದವರ ನಡುವೆಯೇ ನಮ್ಮ ಲೆಕ್ಕ ನಾವು ನೋಡಿಕೊಳ್ಳಬೇಕು ಎಂಬ ಮಾತು ಹುಟ್ಟಿತು. ಈ ಬೇಡಿಕೆ ಎತ್ತಿದವರಲ್ಲಿ ಸರ್ಬರೇ ಹೆಚ್ಚು. ಆದ್ದರಿಂದ ಇದನ್ನು ಬರೀ ಅಲ್ಪಸಂಖ್ಯಾತರ ವಿಷಯ ಎಂದು ನೋಡುವುದು ಸರಿಯಲ್ಲ.

ಎರಡನೇ ಮಹಾಯುದ್ಧ ಈ ಬಯಲನ್ನು ಮೂರು ಹೋಳು ಮಾಡಿತು. ಬಾಚ್ಕಾ ಹಂಗೇರಿಗೆ, ಸ್ರೆಮ್ ನಾಜಿಗಳ ಬೆಂಬಲದ ಕ್ರೊಯೇಷಿಯಾಕ್ಕೆ, ಬನಾತ್ ಸ್ಥಳೀಯ ಜರ್ಮನ್ನರ ಆಡಳಿತಕ್ಕೆ ಹೋಯಿತು. 1942ರ ಜನವರಿಯಲ್ಲಿ ಹಂಗೇರಿಯ ಪಡೆಗಳು ನೋವಿ ಸಾದ್‌ನಲ್ಲಿ ಸಾವಿರಕ್ಕೂ ಹೆಚ್ಚು ಯಹೂದಿಗಳನ್ನೂ ಸರ್ಬರನ್ನೂ ಕೊಂದವು. ಹೆಪ್ಪುಗಟ್ಟಿದ ಡ್ಯಾನ್ಯೂಬ್‌ಗೆ ಹೆಣಗಳನ್ನು ತಳ್ಳಿದರು. ಯುದ್ಧ ತಿರುಗಿದ ಮೇಲೆ ಸೇಡಿನ ಸರದಿ ಬಂತು. ಹಂಗೇರಿಯನ್ನರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಸುಮಾರು ಮೂರು ಲಕ್ಷಕ್ಕೂ ಹೆಚ್ಚಿದ್ದ ಜರ್ಮನ್ ಸಮುದಾಯ ಓಡಿಹೋಗಿ, ಶಿಬಿರಗಳಲ್ಲಿ ಸತ್ತು, ಹೊರಹಾಕಲ್ಪಟ್ಟು ಹೆಚ್ಚುಕಡಿಮೆ ಇಲ್ಲವಾಯಿತು. ಅವರ ಮನೆ ಹೊಲಗಳಿಗೆ ಬೋಸ್ನಿಯಾ, ಮೊಂಟೆನೆಗ್ರೊ, ಕ್ರೊಯೇಷಿಯಾಗಳ ಬಡ ಪ್ರದೇಶಗಳಿಂದ ಜನ ಬಂದರು. ಯಾರ ಪಾಲಿಗೂ ಇದು ಹೆಮ್ಮೆಯ ಪುಟವಲ್ಲ. ಸರ್ಬರು ಇಲ್ಲಿ ಸ್ಪಷ್ಟ ಬಹುಮತವಾದದ್ದು ಈ ಘಟನೆಗಳ ನಂತರವೇ ಎಂಬುದನ್ನು ಮರೆಯಬಾರದು.

ಟಿಟೊ ಕಾಲ, ಆಮೇಲೆ ಮೊಸರಿನ ಪೊಟ್ಟಣ

1945ರಲ್ಲಿ ಟಿಟೊ ಮುಂದಾಳತ್ವದ ಕಮ್ಯುನಿಸ್ಟ್ ಯುಗೊಸ್ಲಾವಿಯಾದಲ್ಲಿ ವೊಯ್ವೊದಿನಾ ಸರ್ಬಿಯಾದೊಳಗಿನ ಸ್ವಾಯತ್ತ ಪ್ರಾಂತ್ಯವಾಯಿತು. ಮೊದಲ ವರ್ಷಗಳಲ್ಲಿ ಇದು ಹೆಚ್ಚಾಗಿ ಹೆಸರಿಗಷ್ಟೇ ಇತ್ತು. ನಿಜವಾದ ಬಲ ಬಂದದ್ದು 1974ರ ಸಂವಿಧಾನದಿಂದ.

ಆ ಸಂವಿಧಾನ ಒಂದು ವಿಚಿತ್ರ ವ್ಯವಸ್ಥೆ ಮಾಡಿತು. ಆಗ ವೊಯ್ವೊದಿನಾ ಮತ್ತು ದಕ್ಷಿಣದ ಇನ್ನೊಂದು ಪ್ರಾಂತ್ಯ ಕೊಸೊವೊ ಸರ್ಬಿಯಾದ ಭಾಗಗಳೇ. ಆದರೂ ಅವಕ್ಕೆ ಸ್ವಂತ ಸಂವಿಧಾನ, ಸ್ವಂತ ಸುಪ್ರೀಂ ಕೋರ್ಟ್ ಸಿಕ್ಕಿತು. ಟಿಟೊ ನಿಧನದ ನಂತರ ದೇಶವನ್ನು ನಡೆಸಿದ ಎಂಟು ಜನರ ಅಧ್ಯಕ್ಷ ಮಂಡಳಿಯಲ್ಲಿ ಆರು ಗಣರಾಜ್ಯಗಳಿಗೆ ಆರು ಸ್ಥಾನ, ಈ ಎರಡು ಪ್ರಾಂತ್ಯಗಳಿಗೆ ಎರಡು. ಅಷ್ಟೇ ಅಲ್ಲ, ಸರ್ಬಿಯಾ ತನ್ನ ಸಂವಿಧಾನ ತಿದ್ದಬೇಕೆಂದರೆ ಪ್ರಾಂತ್ಯಗಳ ಒಪ್ಪಿಗೆ ಬೇಕಿತ್ತು. ಪ್ರಾಂತ್ಯದ ಒಳಾಡಳಿತದಲ್ಲಿ ಸರ್ಬಿಯಾದ ಮಾತು ನಡೆಯದು, ಸರ್ಬಿಯಾದ ವಿಷಯದಲ್ಲಿ ಪ್ರಾಂತ್ಯದ ಮಾತು ನಡೆಯುತ್ತದೆ. ಬೆಲ್‌ಗ್ರೇಡ್‌ಗೆ ಇದು ಅನ್ಯಾಯ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ದೂರಿನಲ್ಲಿ ಹುರುಳೂ ಇತ್ತು. ಆದರೆ ಅದನ್ನು ಸರಿಪಡಿಸಿದ ರೀತಿ ಭಯಂಕರವಾಗಿತ್ತು.

ಸ್ಲೊಬೊದಾನ್ ಮಿಲೊಶೆವಿಚ್ ಸರ್ಬಿಯಾದಲ್ಲಿ ಮೇಲೆ ಬಂದ ಮೇಲೆ ಬೀದಿಯನ್ನು ರಾಜಕೀಯದ ಆಯುಧ ಮಾಡಿಕೊಂಡ. 1988ರ ಅಕ್ಟೋಬರ್ 5ರಂದು ಬಾಚ್ಕಾ ಪಲಾಂಕಾ ಎಂಬ ಊರಿನಿಂದ ಸಾವಿರಾರು ಜನ ನೋವಿ ಸಾದ್‌ಗೆ ಬಂದು ಪ್ರಾಂತ್ಯದ ಆಡಳಿತ ಕಟ್ಟಡದ ಮುಂದೆ ಸೇರಿದರು. ಊಟಕ್ಕೆಂದು ಹಂಚಿದ್ದ ಮೊಸರಿನ ಪೊಟ್ಟಣಗಳನ್ನು ಆ ಬಿಳಿ ಕಟ್ಟಡದ ಮೇಲೆ ಎಸೆದರು. ಮರುದಿನ ಪ್ರಾಂತ್ಯದ ನಾಯಕರು ರಾಜೀನಾಮೆ ಕೊಟ್ಟರು. ಇದಕ್ಕೆ ಮೊಸರು ಕ್ರಾಂತಿ ಎಂಬ ಹೆಸರು ಬಿತ್ತು.

ಹೆಸರು ಕೇಳಿದರೆ ಹಗುರ ಅನ್ನಿಸಬಹುದು, ಪರಿಣಾಮ ಹಗುರವಾಗಿರಲಿಲ್ಲ. ಹೊಸದಾಗಿ ಬಂದ ಪ್ರಾಂತ್ಯದ ನಾಯಕರು ಮಿಲೊಶೆವಿಚ್ ಕಡೆಯವರು. ಸಂವಿಧಾನ ತಿದ್ದುಪಡಿಗೆ ಬೇಕಿದ್ದ ಒಪ್ಪಿಗೆಯನ್ನು ಅವರೇ ಕೊಟ್ಟರು. ಅಂದರೆ ಸ್ವಾಯತ್ತತೆಯನ್ನು ಮುಗಿಸೋಕೆ ಸ್ವಾಯತ್ತ ಸಭೆಯದೇ ಕೈ ಬಳಕೆಯಾಯಿತು. 1989ರ ಮಾರ್ಚ್‌ನಲ್ಲಿ ತಿದ್ದುಪಡಿ ಜಾರಿಗೆ ಬಂತು, 1990ರ ಹೊಸ ಸಂವಿಧಾನ ಉಳಿದದ್ದನ್ನೂ ತೆಗೆಯಿತು. ಇತ್ತ ಎಂಟು ಜನರ ಅಧ್ಯಕ್ಷ ಮಂಡಳಿಯಲ್ಲಿ ಸರ್ಬಿಯಾ, ವೊಯ್ವೊದಿನಾ, ಕೊಸೊವೊ, ಮೊಂಟೆನೆಗ್ರೊ ಹೀಗೆ ನಾಲ್ಕು ಮತಗಳು ಒಬ್ಬನ ಹಿಡಿತಕ್ಕೆ ಬಂದವು. ಸ್ಲೊವೇನಿಯಾ ಮತ್ತು ಕ್ರೊಯೇಷಿಯಾಗಳು ಹೆದರಿದ್ದಕ್ಕೆ ಇದೂ ಒಂದು ಕಾರಣ. ಯುಗೊಸ್ಲಾವಿಯಾ ಒಡೆಯುವ ದಾರಿಯಲ್ಲಿ ನೋವಿ ಸಾದ್‌ನ ಆ ಎರಡು ದಿನಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

1990ರ ದಶಕದ ಬಗ್ಗೆ ಚುಟುಕಾಗಿ ಹೇಳಬಹುದು. ನಿರಾಶ್ರಿತ ಸರ್ಬರು ಬಂದರು, ಬೆದರಿಕೆಯಿಂದ ಹಲವು ಕ್ರೊಯೇಷಿಯನ್ನರು ಊರು ಬಿಟ್ಟರು. 1999ರಲ್ಲಿ ಕೊಸೊವೊ ಯುದ್ಧದ ವೇಳೆ ನ್ಯಾಟೊ ಬಾಂಬ್ ದಾಳಿ ನೋವಿ ಸಾದ್‌ನ ಡ್ಯಾನ್ಯೂಬ್ ಸೇತುವೆಗಳನ್ನೆಲ್ಲ ಕೆಡವಿತು. ಮಿಲೊಶೆವಿಚ್‌ನನ್ನು ಇಳಿಸಲು ಆ ಊರು ವರ್ಷಗಟ್ಟಲೆ ಮತ ಹಾಕುತ್ತಾ ಬಂದಿತ್ತು, ಬಾಂಬಿಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ.

ಈಗ ಆಡಳಿತ ನಡೆಯುವುದು ಹೀಗೆ

2000ದ ಅಕ್ಟೋಬರ್‌ನಲ್ಲಿ ಮಿಲೊಶೆವಿಚ್ ಬಿದ್ದ. 2002ರಲ್ಲಿ ಒಂದು ಕಾನೂನಿನ ಮೂಲಕ ಕೆಲವು ಅಧಿಕಾರಗಳು ಪ್ರಾಂತ್ಯಕ್ಕೆ ಮರಳಿದವು. ಈಗಿನ ಚೌಕಟ್ಟು ಇರುವುದು 2006ರ ಸಂವಿಧಾನದಲ್ಲಿ.

ಪ್ರಾಂತ್ಯದ ವಿಧಾನಸಭೆಗೆ 120 ಸದಸ್ಯರು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಇಡೀ ಪ್ರಾಂತ್ಯವೇ ಒಂದು ಕ್ಷೇತ್ರ. ಮತದಾರರು ಪಕ್ಷದ ಪಟ್ಟಿಗೆ ಮತ ಹಾಕುತ್ತಾರೆ, ಬಂದ ಮತಕ್ಕೆ ತಕ್ಕಂತೆ ಸೀಟು ಸಿಗುತ್ತದೆ. ಸೀಟು ಸಿಗಬೇಕಾದರೆ ಕನಿಷ್ಠ ಶೇ. 3ರಷ್ಟು ಮತ ಬೇಕು. ಅಲ್ಪಸಂಖ್ಯಾತರ ಪಕ್ಷಗಳಿಗೆ ಈ ಷರತ್ತಿಲ್ಲ. ಈ ಸಭೆ ಪ್ರಾಂತೀಯ ಸರ್ಕಾರವನ್ನು ಆರಿಸುತ್ತದೆ. ಅದರ ಮುಖ್ಯಸ್ಥರಿಗೆ ಅಧ್ಯಕ್ಷ ಎನ್ನುತ್ತಾರೆ, ಖಾತೆ ನೋಡಿಕೊಳ್ಳುವವರಿಗೆ ಕಾರ್ಯದರ್ಶಿ ಎನ್ನುತ್ತಾರೆ. ಮೊಸರು ಎಸೆಸಿಕೊಂಡ ಬಾನೊವಿನಾ ಎಂಬ ಆ ಅಮೃತಶಿಲೆಯ ಕಟ್ಟಡದಲ್ಲೇ ಈಗಲೂ ಆಡಳಿತ ನಡೆಯುತ್ತದೆ.

ಕೃಷಿ, ನೀರಾವರಿ, ಅರಣ್ಯ, ಪ್ರವಾಸೋದ್ಯಮ, ನಗರ ಯೋಜನೆ, ಶಾಲೆ, ಆಸ್ಪತ್ರೆ, ಸಂಸ್ಕೃತಿ ಇಂಥ ವಿಷಯಗಳಲ್ಲಿ ಪ್ರಾಂತ್ಯಕ್ಕೆ ಮಾತಿದೆ. ಆದರೆ ಅದು ಹೊರಡಿಸುವುದು ನಿರ್ಣಯಗಳನ್ನು, ಕಾನೂನುಗಳನ್ನಲ್ಲ. ಕಾನೂನು ಬೇಕೆಂದರೆ ಬೆಲ್‌ಗ್ರೇಡ್‌ನ ಸಂಸತ್ತಿಗೆ ಪ್ರಸ್ತಾಪ ಕಳಿಸಬಹುದು. ಪ್ರಾಂತ್ಯಕ್ಕೆ ಸಂವಿಧಾನ ಇಲ್ಲ, ಅದರ ಬದಲು ಶಾಸನ ಎಂಬ ಮೂಲ ನಿಯಮಾವಳಿ ಇದೆ. ಅದನ್ನು ಪ್ರಾಂತ್ಯದ ಸಭೆ ಬರೆದರೂ ಸಂಸತ್ತು ಮೊದಲೇ ಒಪ್ಪಬೇಕು. ಪ್ರಾಂತ್ಯದ ನಿರ್ಣಯ ಜಾರಿಗೆ ಬರುವ ಮುಂಚೆಯೇ ಸರ್ಬಿಯಾ ಸರ್ಕಾರ ಸಂವಿಧಾನ ನ್ಯಾಯಾಲಯಕ್ಕೆ ಹೋಗಬಹುದು.

ಒಂದು ರಕ್ಷಣೆ ಮಾತ್ರ ಗಟ್ಟಿಯಾಗಿದೆ. ಪ್ರಾಂತ್ಯವನ್ನೇ ರದ್ದು ಮಾಡಬೇಕೆಂದರೆ ಸಂವಿಧಾನ ತಿದ್ದಬೇಕು, ಜನಮತಗಣನೆಯೂ ಆಗಬೇಕು. 1860ರ ಹಾಗೆ ಒಂದು ಆದೇಶದಲ್ಲಿ ಮುಗಿಸೋಕಾಗಲ್ಲ. ಆದರೆ ಪ್ರಾಂತ್ಯವನ್ನು ಉಳಿಸಿಕೊಂಡೇ ಅದರ ಒಳಗಿನ ತಿರುಳನ್ನು ತೆಗೆಯಬಹುದು. ಅದು ನಡೆದೂ ಇದೆ. 2009ರಲ್ಲಿ ಒಪ್ಪಿಗೆ ಪಡೆದ ಶಾಸನ ಸಾಕಷ್ಟು ಧೈರ್ಯದ್ದಾಗಿತ್ತು. ನೋವಿ ಸಾದನ್ನು ಪ್ರಾಂತ್ಯದ ರಾಜಧಾನಿ ಎಂದು ಕರೆದಿತ್ತು. 2012ರಲ್ಲಿ ಸಂವಿಧಾನ ನ್ಯಾಯಾಲಯ ಪ್ರಾಂತ್ಯದ ಅಧಿಕಾರಗಳ ಕಾನೂನಿನ ಹಲವು ಭಾಗಗಳನ್ನು ತಳ್ಳಿಹಾಕಿತು. 2013ರ ಕೊನೆಗೆ ಶಾಸನದ ದೊಡ್ಡ ಭಾಗವನ್ನೂ ಅಸಾಂವಿಧಾನಿಕ ಎಂದಿತು. 2014ರಲ್ಲಿ ತೆಳುವಾದ ಹೊಸ ಶಾಸನ ಬಂತು.

ಭಾಷೆ ಉಳಿಯಿತು, ಜನ ಕಡಿಮೆಯಾದರು

ಇಷ್ಟೆಲ್ಲ ಏಳುಬೀಳಿನಲ್ಲೂ ಹೆಚ್ಚು ಕೆಡದೆ ಉಳಿದದ್ದು ಭಾಷೆಯ ವ್ಯವಸ್ಥೆ. ಸರ್ಬಿಯನ್, ಹಂಗೇರಿಯನ್, ಸ್ಲೊವಾಕ್, ಕ್ರೊಯೇಷಿಯನ್, ರೊಮೇನಿಯನ್, ರುಸಿನ್ ಈ ಆರು ಭಾಷೆಗಳಲ್ಲಿ ಪ್ರಾಂತ್ಯದ ಆಡಳಿತ ವ್ಯವಹರಿಸುತ್ತದೆ. ಪ್ರಾಂತ್ಯದ ಟಿವಿ ಮತ್ತು ರೇಡಿಯೊ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಕಾರ್ಯಕ್ರಮ ಕೊಡುತ್ತದೆ. ರುಸಿನರು ಇಲ್ಲಿ ಸುಮಾರು ಹನ್ನೊಂದು ಸಾವಿರ ಜನ ಅಷ್ಟೆ. ಆದರೂ ರುಸ್ಕಿ ಕ್ರ್ಸ್ತುರ್ ಎಂಬ ಊರಿನಲ್ಲಿ ಅವರ ಮಕ್ಕಳು ಪ್ರೌಢಶಾಲೆಯನ್ನೂ ತಮ್ಮ ಭಾಷೆಯಲ್ಲೇ ಓದಬಹುದು. ನೋವಿ ಸಾದ್ ವಿಶ್ವವಿದ್ಯಾಲಯದಲ್ಲಿ ರುಸಿನ್ ಭಾಷಾ ವಿಭಾಗವೇ ಇದೆ. ಸಣ್ಣ ಭಾಷೆಯೊಂದಕ್ಕೆ ಇಷ್ಟು ಜಾಗ ಕೊಟ್ಟ ಊರುಗಳು ಯುರೋಪಿನಲ್ಲೂ ಕಡಿಮೆ. ಇದನ್ನು ಮನಸಾರೆ ಮೆಚ್ಚಬೇಕು.

ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಆ ಭಾಷೆ ಆಡುವ ಜನ ಊರಿನಲ್ಲಿ ಉಳಿಯಬೇಕು ಅಲ್ವಾ? 1991ರಲ್ಲಿ ವೊಯ್ವೊದಿನಾದಲ್ಲಿ ಸುಮಾರು 3.4 ಲಕ್ಷ ಹಂಗೇರಿಯನ್ನರಿದ್ದರು. 2022ರಲ್ಲಿ ಸುಮಾರು 1.8 ಲಕ್ಷ. ಯುದ್ಧ, ಬಡತನ, ಕಡಿಮೆ ಜನನ ಕಾರಣಗಳ ಜೊತೆ 2011ರಿಂದ ಸುಲಭವಾಗಿ ಸಿಕ್ಕ ಹಂಗೇರಿಯ ಪೌರತ್ವ ಯುರೋಪಿನ ಬಾಗಿಲು ತೆರೆಯಿತು. ಸರ್ಬ್ ಯುವಕರೂ ಹೊರಡುತ್ತಿದ್ದಾರೆ. 2011ರಿಂದ 2022ರ ನಡುವೆ ಇಡೀ ಪ್ರಾಂತ್ಯದ ಜನಸಂಖ್ಯೆ ಸುಮಾರು 1.9 ಲಕ್ಷ ಇಳಿದಿದೆ.

ದುಡ್ಡಿನ ಜಗಳ

ಕೊನೆಗೆ ಎಲ್ಲ ಬಂದು ನಿಲ್ಲುವುದು ಹಣದ ಹತ್ತಿರ. ಪ್ರಾಂತ್ಯದ ಬಜೆಟ್ ಸರ್ಬಿಯಾ ಬಜೆಟ್‌ನ ಕನಿಷ್ಠ ಶೇ. 7ರಷ್ಟಿರಬೇಕು ಎಂದು 2006ರ ಸಂವಿಧಾನ ಹೇಳುತ್ತದೆ. ಅದರ ಏಳರಲ್ಲಿ ಮೂರು ಪಾಲು ರಸ್ತೆ, ಕಟ್ಟಡದಂಥ ಶಾಶ್ವತ ಕೆಲಸಗಳಿಗೆ ಹೋಗಬೇಕು. ದೇಶದ ಜನರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಲ್ಲಿದ್ದಾರೆ. ಬೆಲ್‌ಗ್ರೇಡ್ ನೇರವಾಗಿಯೂ ಇಲ್ಲಿ ಖರ್ಚು ಮಾಡುತ್ತದೆ ನಿಜ. ಆದರೆ ಆ ಖರ್ಚು ಎಲ್ಲಿ, ಯಾವಾಗ ಎಂದು ಪ್ರಾಂತ್ಯ ನಿರ್ಧರಿಸುವುದಿಲ್ಲ. ಶೇ. 7ರ ಲೆಕ್ಕವೂ ತಕರಾರಿನದು. ಶಿಕ್ಷಕರ ಸಂಬಳವನ್ನೂ ಅದರೊಳಗೇ ಸೇರಿಸುತ್ತಾರೆ. ಆ ಹಣ ಪ್ರಾಂತ್ಯದ ಖಾತೆಗೆ ಬಂದು ಹಾಗೇ ದಾಟಿ ಹೋಗುತ್ತದೆ. ಅದರಿಂದ ಪ್ರಾಂತ್ಯ ಏನನ್ನೂ ಯೋಜಿಸಲಾಗದು. ಪ್ರಾಂತ್ಯದ ಹಣಕಾಸಿಗೆಂದೇ ಪ್ರತ್ಯೇಕ ಕಾನೂನು ಬರಬೇಕಿತ್ತು. ಸಂವಿಧಾನ ಜಾರಿಯಾಗಿ ಹದಿನೈದು ವರ್ಷ ದಾಟಿದರೂ ಅದು ಬರಲಿಲ್ಲ.

2004ರಿಂದ 2016ರವರೆಗೆ ಪ್ರಾಂತ್ಯದ ಸರ್ಕಾರ ನಡೆಸಿದ ಬೊಯಾನ್ ಪಾಯ್ತಿಚ್ ಡೆಮಾಕ್ರಟಿಕ್ ಪಕ್ಷದವರು. 2012ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಪ್ರೋಗ್ರೆಸಿವ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಎರಡೂ ಕಡೆ ಬೇರೆ ಬೇರೆ ಪಕ್ಷಗಳಾದವು. ಶೇ. 7ರ ಜಗಳ ಆಗ ಜೋರಾಗಿ ಕೇಳುತ್ತಿತ್ತು. 2016ರಲ್ಲಿ ಪ್ರಾಂತ್ಯದಲ್ಲೂ ಪ್ರೋಗ್ರೆಸಿವ್ ಪಕ್ಷ ಗೆದ್ದು ಇಗೊರ್ ಮಿರೋವಿಚ್ ಅಧ್ಯಕ್ಷರಾದರು. 2024ರಲ್ಲಿ ಅದೇ ಪಕ್ಷದ ಮಾಯಾ ಗೊಯ್ಕೋವಿಚ್ ಬಂದರು. ಅಂದಿನಿಂದ ಪ್ರಾಂತ್ಯ ತನ್ನ ಪಾಲಿಗಾಗಿ ರಾಜಧಾನಿಯ ಜೊತೆ ಗಟ್ಟಿಯಾಗಿ ವಾದಿಸಿದ್ದು ಕಾಣುವುದಿಲ್ಲ. ಹಣಕಾಸು ಕಾನೂನನ್ನು ತರಬೇಕಾದವರೂ, ಅದನ್ನು ಕೇಳಬೇಕಾದವರೂ ಒಂದೇ ಪಕ್ಷದವರಾಗಿದ್ದಾರೆ.